ಮಗ್ಗದಿಂದ ಕಾರಿಗೆ: ಕೀಚಿರೋ ಟೊಯೋಡಾ ಬದುಕು

ಇಂಡಸ್ಟ್ರಿಯಲ್ ವಿಸಿಟ್ ಅಂತ ಕಾರ್ ಫ್ಯಾಕ್ಟರಿಗೆ ಹೋದವರಿಗೆ ಗೊತ್ತಿರುತ್ತೆ. ಮೊದಲು ಪ್ರೆಸ್ ಶಾಪ್, ಆಮೇಲೆ ವೆಲ್ಡ್ ಶಾಪ್, ಪೇಂಟ್ ಶಾಪ್, ಕೊನೆಗೆ ಅಸೆಂಬ್ಲಿ. ವೆಲ್ಡ್ ಶಾಪಿಗೆ ಬಂದಾಗ ಎಲ್ಲರೂ ಬಾಯಿ ಬಿಟ್ಟು ನಿಲ್ಲುತ್ತೇವೆ. ಸಾಲಾಗಿ ನಿಂತ ರೋಬೋಗಳು ಬಗ್ಗಿ, ತಿರುಗಿ, ಕಿಡಿ ಹಾರಿಸುತ್ತಾ ಕಾರಿನ ಬಾಡಿ ಬೆಸೆಯುತ್ತಿರುತ್ತವೆ. ಹತ್ತಿರದಲ್ಲಿ ಮನುಷ್ಯರೇ ಕಾಣೋದಿಲ್ಲ. ಫೋಟೋ ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದರೆ, ಮೊಬೈಲ್ ಗೇಟಲ್ಲೇ ಕೊಟ್ಟು ಬಂದಿದ್ದು ನೆನಪಾಗುತ್ತೆ.

ಅಸೆಂಬ್ಲಿಗೆ ಬರುವ ಹೊತ್ತಿಗೆ ನಮಗೆ ಸುಸ್ತಾಗಿರುತ್ತೆ. ಊಟದ ಸಮಯವೂ ಆಗಿರುತ್ತೆ. ಆದರೆ ನಿಜವಾಗಿ ನೋಡಬೇಕಾದ ಒಂದು ವಸ್ತು ಅಲ್ಲಿದೆ. ಟೊಯೋಟಾ ಪದ್ಧತಿಯಲ್ಲಿ ನಡೆಯುವ ಕಾರ್ಖಾನೆಗಳಲ್ಲಿ ಲೈನಿನ ಉದ್ದಕ್ಕೂ, ಕೈಗೆ ಸಿಗುವ ಎತ್ತರದಲ್ಲಿ ಒಂದು ಹಗ್ಗ ಇರುತ್ತೆ. ಕೆಲವು ಕಡೆ ಹಗ್ಗದ ಬದಲು ಬಟನ್. ಬೋಲ್ಟ್ ಸರಿಯಾಗಿ ಕೂರಲಿಲ್ಲ, ವೈರ್ ಸಿಕ್ಕಿಕೊಂಡಿದೆ, ಏನೋ ಅನುಮಾನ ಬಂತು ಅಂದರೆ ಅಲ್ಲಿ ನಿಂತ ಕೆಲಸಗಾರ ಆ ಹಗ್ಗ ಎಳೆಯಬಹುದು. ಮೇಲಿನ ಬೋರ್ಡಿನಲ್ಲಿ ಆ ಜಾಗದ ನಂಬರ್ ದೀಪ ಹತ್ತುತ್ತೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಕಾರು ಆ ಸ್ಟೇಷನ್ ದಾಟುವಷ್ಟರಲ್ಲಿ ಸರಿ ಆಗಲಿಲ್ಲ ಅಂದರೆ ಲೈನ್ ನಿಲ್ಲುತ್ತೆ. ಕೋಟಿಗಟ್ಟಲೆ ಬೆಲೆಯ ಲೈನನ್ನು ನಿಲ್ಲಿಸುವ ಅಧಿಕಾರ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಇದೆ.

ಈ ಯೋಚನೆ ಕಾರಿನಿಂದ ಹುಟ್ಟಿದ್ದಲ್ಲ. ಬಟ್ಟೆ ನೇಯುವ ಮಗ್ಗದಿಂದ ಹುಟ್ಟಿದ್ದು. ಮಗ್ಗ ಮಾಡುತ್ತಿದ್ದ ಮನೆಯಿಂದ ಕಾರು ಹೊರಡಿಸಿದ ಮೆಕ್ಯಾನಿಕಲ್ ಇಂಜಿನಿಯರ್ ಕೀಚಿರೋ ಟೊಯೋಡಾ. ಅವರ ಕಥೆ ನಮ್ಮ ಕ್ಲಾಸಿನಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತೆ. ಸ್ವಲ್ಪ ಪೂರ್ತಿಯಾಗಿ ಹೇಳೋಣ.

ಬಡಗಿಯ ಮೊಮ್ಮಗ

ಕೀಚಿರೋ ಹುಟ್ಟಿದ್ದು 1894ರ ಜೂನ್ 11ರಂದು, ಜಪಾನಿನ ಈಗಿನ ಶಿಜುವೊಕಾ ಪ್ರಾಂತ್ಯದ ಒಂದು ಸಣ್ಣ ಹಳ್ಳಿಯಲ್ಲಿ. ಅಜ್ಜ ಬಡಗಿ. ಅಪ್ಪ ಸಾಕಿಚಿ ಕೂಡ ಬಡಗಿ ಕೆಲಸ ಕಲಿತವರು. ಆದರೆ ಸಾಕಿಚಿಗೆ ಮನೆ ಕಟ್ಟೋದಕ್ಕಿಂತ ಮಗ್ಗದ ಮೇಲೆ ಆಸೆ. ಆ ಊರಿನ ಮನೆಗಳಲ್ಲಿ ಹೆಂಗಸರು ದಿನವಿಡೀ ಮಗ್ಗದ ಮುಂದೆ ಕೂತು ನೇಯುತ್ತಿದ್ದರು. ಅವರ ಶ್ರಮ ಕಡಿಮೆ ಮಾಡಬೇಕು ಅನ್ನೋದು ಸಾಕಿಚಿ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದೇ ಕೈಯಲ್ಲಿ ನಡೆಸಬಹುದಾದ ಮರದ ಮಗ್ಗಕ್ಕೆ 1891ರಲ್ಲಿ ಪೇಟೆಂಟ್ ಪಡೆದರು.

ಹುಚ್ಚು ಹಿಡಿದಂತೆ ಊರೂರು ಅಲೆಯುವ ಗಂಡನ ಜೊತೆ ಬಾಳೋದು ಸುಲಭ ಇರಲಿಲ್ಲ. ಕೀಚಿರೋ ಇನ್ನೂ ಹಸುಗೂಸಾಗಿದ್ದಾಗಲೇ ತಾಯಿ ಮನೆ ಬಿಟ್ಟು ಹೋದರು. ಮಗುವನ್ನು ಸಾಕಿದ್ದು ಅಜ್ಜ, ಅಜ್ಜಿ. ಮುಂದೆ ಅಪ್ಪ ಮರುಮದುವೆ ಆದ ಮೇಲೆ ನಗೋಯಾದ ಮನೆಯಲ್ಲಿ ಬೆಳೆದರು. ಮನೆಯ ಪಕ್ಕದಲ್ಲೇ ಮಗ್ಗದ ಶಬ್ದ, ಎಣ್ಣೆ ವಾಸನೆ.

1896ರಲ್ಲಿ ಸಾಕಿಚಿ ಯಂತ್ರಶಕ್ತಿಯಿಂದ ಓಡುವ ಮಗ್ಗ ಮಾಡಿದರು. ಅದರಲ್ಲಿ ಒಂದು ವಿಶೇಷ ಇತ್ತು. ಹೊಕ್ಕಿನ ನೂಲು ಕಡಿದರೆ ಅಥವಾ ಮುಗಿದರೆ ಮಗ್ಗ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. ಸಣ್ಣ ವಿಷಯ ಅನ್ನಿಸಬಹುದು. ಆದರೆ ನೂಲು ಕಡಿದಿದ್ದು ಗೊತ್ತಾಗದೆ ಓಡುತ್ತಲೇ ಇರುವ ಯಂತ್ರ ಕೆಟ್ಟ ಬಟ್ಟೆಯನ್ನು ಬಹಳ ವೇಗವಾಗಿ ನೇಯುತ್ತೆ, ಅಷ್ಟೆ. ಅದಕ್ಕಾಗಿ ಪಕ್ಕದಲ್ಲಿ ಒಬ್ಬರು ಕಣ್ಣು ಮಿಟುಕಿಸದೆ ನಿಂತಿರಬೇಕು. ಯಂತ್ರವೇ ತಪ್ಪು ಕಂಡು ನಿಂತರೆ ಆ ಕಾವಲು ಬೇಕಾಗಿಲ್ಲ.

ಓಲ್ಡ್‌ಹ್ಯಾಮಿನ ಫ್ಯಾಕ್ಟರಿ ವಿಸಿಟ್

ಸಾಕಿಚಿಗೆ ಕಾಲೇಜು ಓದು ಇರಲಿಲ್ಲ. ಮಗ ಹಾಗಲ್ಲ. ಕೀಚಿರೋ ಟೋಕಿಯೋ ಇಂಪೀರಿಯಲ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1920ರಲ್ಲಿ ಡಿಗ್ರಿ ಮುಗಿಸಿದರು. ಮುಂದಿನ ವರ್ಷ ಅಪ್ಪನ ನೂಲು ಮತ್ತು ನೇಯ್ಗೆ ಕಂಪನಿ ಸೇರಿದರು. ಅದೇ ವರ್ಷ ತಂಗಿ ಮತ್ತು ತಂಗಿಯ ಗಂಡ ರಿಸಾಬುರೋ ಜೊತೆ ಅಮೆರಿಕ, ಯೂರೋಪ್ ಪ್ರವಾಸ ಹೊರಟರು.

ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಆಗ ಹತ್ತಿ ಬಟ್ಟೆಯ ರಾಜಧಾನಿ ಇದ್ದಂತೆ. ಅಲ್ಲಿನ ಪ್ಲಾಟ್ ಬ್ರದರ್ಸ್ ಜವಳಿ ಯಂತ್ರ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಹೆಸರು. ಕೀಚಿರೋ ಆ ಊರಲ್ಲಿ ಬಾಡಿಗೆಗೆ ಕೋಣೆ ಹಿಡಿದು, ದಿನಾ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಗೈಡ್ ಹಿಂದೆ ಒಂದು ಸುತ್ತು ಹಾಕಿ ಬರುವ ವಿಸಿಟ್ ಅಲ್ಲ ಅದು. ಯಾವ ಭಾಗ ಹೇಗೆ ಎರಕ ಹೊಯ್ಯುತ್ತಾರೆ, ಎಷ್ಟು ಜನ, ಎಷ್ಟು ಹೊತ್ತು, ಯಾರು ಸುಮ್ಮನೆ ಕಾಯುತ್ತಿದ್ದಾರೆ, ಎಲ್ಲವನ್ನೂ ಗಮನಿಸಿ ಬರೆದುಕೊಂಡರು. ನೋಡೋದು ಕೂಡ ಒಂದು ಕೆಲಸ ಅಂತ ತಿಳಿದಿದ್ದರು.

ವಾಪಸ್ ಬಂದು ಅಪ್ಪ ಮತ್ತು ಸಹೋದ್ಯೋಗಿಗಳ ಜೊತೆ ಸ್ವಯಂಚಾಲಿತ ಮಗ್ಗದ ಕೆಲಸಕ್ಕೆ ಇಳಿದರು. 1924ರಲ್ಲಿ ಟೈಪ್ ಜಿ ಮಗ್ಗ ಸಿದ್ಧವಾಯಿತು. ಇದರ ಕೆಲಸ ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಕ್ಕೆ ಓಡುವ ಎಳೆ ಹೊಕ್ಕು. ಹೊಕ್ಕನ್ನು ಹೊತ್ತು ಅತ್ತಿಂದಿತ್ತ ಓಡೋದು ಲಾಳಿ. ಲಾಳಿಯೊಳಗಿನ ನೂಲು ಮುಗಿಯುತ್ತಾ ಬಂದಾಗ ಹಳೆಯ ಯಂತ್ರದಲ್ಲಿ ಮಗ್ಗ ನಿಲ್ಲಿಸಿ ಬೇರೆ ಲಾಳಿ ಹಾಕಬೇಕಿತ್ತು. ಟೈಪ್ ಜಿ ಓಡುತ್ತಿರುವಾಗಲೇ, ವೇಗ ತಗ್ಗಿಸದೆ, ಹಳೆ ಲಾಳಿಯನ್ನು ಹೊರಗೆ ತಳ್ಳಿ ಹೊಸದನ್ನು ಒಳಗೆ ಕೂರಿಸುತ್ತಿತ್ತು. ಇನ್ನು ಹಾಸಿನ ಪ್ರತಿಯೊಂದು ಎಳೆಗೂ ತೆಳುವಾದ ಒಂದು ಲೋಹದ ಪಟ್ಟಿ ನೇತುಹಾಕಿತ್ತು. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತೆ, ಬಿದ್ದ ಪಟ್ಟಿ ಆಡುತ್ತಿರುವ ಒಂದು ಭಾಗಕ್ಕೆ ಅಡ್ಡ ಬರುತ್ತೆ, ಮಗ್ಗ ನಿಲ್ಲುತ್ತೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಗುರುತ್ವಾಕರ್ಷಣೆಯೇ ಸೆನ್ಸರ್.

ಇದರಿಂದ ಒಬ್ಬ ಕೆಲಸಗಾರ್ತಿ ಮೂವತ್ತಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳುವಂತಾಯಿತು. ಎಲ್ಲ ಮಗ್ಗಗಳನ್ನೂ ದಿಟ್ಟಿಸಬೇಕಿಲ್ಲ. ನಿಂತಿರುವ ಮಗ್ಗದ ಹತ್ತಿರ ಹೋದರೆ ಸಾಕು. ಈ ತತ್ವಕ್ಕೆ ಮುಂದೆ ಜಿದೋಕಾ ಅಂತ ಹೆಸರು ಬಂತು. ಜಪಾನಿ ಭಾಷೆಯಲ್ಲಿ ಆಟೊಮೇಷನ್ ಅನ್ನೋ ಪದ ಬರೆಯುವಾಗ 'ಚಲನೆ' ಅನ್ನುವ ಅರ್ಥದ ಅಕ್ಷರ ಬರುತ್ತೆ. ಟೊಯೋಟಾದವರು ಆ ಅಕ್ಷರದ ಪಕ್ಕಕ್ಕೆ 'ಮನುಷ್ಯ' ಅನ್ನುವ ಚಿಹ್ನೆ ಸೇರಿಸಿ ಬರೆಯುತ್ತಾರೆ. ಆಗ ಅದರ ಅರ್ಥ ಚಲನೆ ಅಲ್ಲ, ಕೆಲಸ. ಉಚ್ಚಾರ ಮಾತ್ರ ಅದೇ.

1926ರಲ್ಲಿ ಕರಿಯಾ ಊರಿನಲ್ಲಿ ಈ ಮಗ್ಗ ತಯಾರಿಸಲು ಟೊಯೋಡಾ ಆಟೊಮ್ಯಾಟಿಕ್ ಲೂಮ್ ವರ್ಕ್ಸ್ ಶುರುವಾಯಿತು. 1929ರಲ್ಲಿ ಓಲ್ಡ್‌ಹ್ಯಾಮಿನ ಅದೇ ಪ್ಲಾಟ್ ಬ್ರದರ್ಸ್ 1,00,000 ಪೌಂಡಿಗೆ ಟೈಪ್ ಜಿ ಮಗ್ಗದ ಹಕ್ಕು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಏಳೆಂಟು ವರ್ಷದ ಹಿಂದೆ ಕಲಿಯೋಕೆ ಬಂದಿದ್ದವನ ಹತ್ತಿರವೇ ಈಗ ಅವರು ಕೊಳ್ಳುವಂತಾಯಿತು.

ಎರಕದ ಮನೆಯ ರಾಶಿ

ಆ ಒಪ್ಪಂದದ ಕಾಲದ ಪ್ರವಾಸದಲ್ಲಿ ಕೀಚಿರೋ ಕಣ್ಣು ಮಗ್ಗದ ಮೇಲೆ ಇರಲಿಲ್ಲ. ಅಮೆರಿಕದಲ್ಲಿ ಕಾರು ತಯಾರಿಕೆ ನೋಡಿ ಬಂದರು. ಜಪಾನಿನಲ್ಲಿ ಆಗ ಏನು ನಡೆಯುತ್ತಿತ್ತು ಅಂದರೆ, 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಟೋಕಿಯೋದ ಟ್ರಾಮ್ ವ್ಯವಸ್ಥೆ ಹಾಳಾಗಿ, ಫೋರ್ಡ್ ಚಾಸಿ ತರಿಸಿ ಬಸ್ ಓಡಿಸಿದ್ದರು. ಮೋಟಾರು ವಾಹನದ ಬೆಲೆ ಜನಕ್ಕೆ ಗೊತ್ತಾಯಿತು. 1925ರಲ್ಲಿ ಯೊಕೊಹಾಮಾದಲ್ಲಿ ಫೋರ್ಡ್, 1927ರಲ್ಲಿ ಒಸಾಕಾದಲ್ಲಿ ಜನರಲ್ ಮೋಟಾರ್ಸ್ ಬಿಡಿಭಾಗ ತಂದು ಜೋಡಿಸುವ ಕಾರ್ಖಾನೆ ಹಾಕಿದವು. ಅವರೆದುರು ಜಪಾನಿನವರು ಸ್ವಂತವಾಗಿ ಕಾರು ಮಾಡೋದು ಹುಚ್ಚು ಅಂತಲೇ ಹೆಚ್ಚಿನವರ ಲೆಕ್ಕ.

1930ರ ಅಕ್ಟೋಬರ್ 30ರಂದು ಸಾಕಿಚಿ ತೀರಿಕೊಂಡರು. ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೀಚಿರೋ ಸಣ್ಣ ಎಂಜಿನ್ ಒಂದನ್ನು ಬಿಚ್ಚಿ, ನೋಡಿ, ಅದರಂತೆ ಮಾಡಲು ಶುರು ಮಾಡಿದ್ದರು. 1933ರಲ್ಲಿ ಕಂಪನಿಯೊಳಗೆ ಅಧಿಕೃತವಾಗಿ ಆಟೊಮೊಬೈಲ್ ವಿಭಾಗ ತೆರೆದರು. ಒಂದು ಷೆವ್ರೊಲೆ ಕಾರು ಕೊಂಡು ತಂದು, ಒಂದೊಂದೇ ಭಾಗ ಬಿಚ್ಚಿ ಅಳತೆ ತೆಗೆದರು.

ಬಿಚ್ಚೋದು ಸುಲಭ. ಎರಕ ಹೊಯ್ಯೋದು ಕಷ್ಟ. ಮಗ್ಗದ ಎರಕದಲ್ಲಿ ಇವರು ಪಳಗಿದ್ದರು. ಆದರೆ ಸಿಲಿಂಡರ್ ಬ್ಲಾಕಿನ ಒಳಗೆ ತಣ್ಣೀರು ಹರಿಯುವ ದಾರಿಗಳು ಬೇಕು, ಅದಕ್ಕೆ ಮರಳಿನ ಕೋರ್ ಇಟ್ಟು ಹೊಯ್ಯಬೇಕು. ಕೋರ್ ಒಡೆಯುತ್ತಿತ್ತು, ಗಾಳಿಗುಳ್ಳೆ ಬರುತ್ತಿತ್ತು. ಕೆಟ್ಟ ಬ್ಲಾಕುಗಳ ರಾಶಿ ಬಿತ್ತು. ಕರಗಿಸಿ ಮತ್ತೆ ಹೊಯ್ದರು. 1934ರ ಸೆಪ್ಟೆಂಬರಿನಲ್ಲಿ ಆರು ಸಿಲಿಂಡರಿನ, 3.4 ಲೀಟರಿನ ಟೈಪ್ ಎ ಎಂಜಿನ್ ಓಡಿತು. 1935ರ ಮೇ ತಿಂಗಳಲ್ಲಿ ಮೊದಲ ಮಾದರಿ ಕಾರು, ಅದೇ ವರ್ಷದ ಕೊನೆಗೆ ಜಿ1 ಟ್ರಕ್.

ಜಿ1 ಟ್ರಕ್ ಬಗ್ಗೆ ಸುಳ್ಳು ಹೇಳಬಾರದು. ಅದು ಕೆಟ್ಟು ಕೆಟ್ಟು ನಿಲ್ಲುತ್ತಿತ್ತು. ಬಿಡುಗಡೆಗೆಂದು ಟೋಕಿಯೋಗೆ ಒಯ್ಯುವ ದಾರಿಯಲ್ಲೇ ಸ್ಟೀರಿಂಗ್ ಭಾಗ ಮುರಿಯಿತು. ಮಾರಾಟ ಆದ ಮೇಲೂ ಆಕ್ಸಲ್ ತೊಂದರೆ, ಗೇರಿನ ತೊಂದರೆ. ಕಂಪನಿ ಏನು ಮಾಡಿತು ಅಂದರೆ, ಕೆಟ್ಟ ಗಾಡಿಯ ಹತ್ತಿರ ಜನ ಕಳಿಸಿ ಪುಕ್ಕಟೆ ರಿಪೇರಿ ಮಾಡಿಕೊಟ್ಟು, ಯಾವ ಭಾಗ ಯಾಕೆ ಹೋಯಿತು ಅಂತ ಕರಿಯಾಕ್ಕೆ ತಂದು ಹೇಳಿತು. ಕೀಚಿರೋ ಕೂಡ ಗಾಡಿಯ ಕೆಳಗೆ ನುಗ್ಗಿ ನೋಡುವ ಪೈಕಿ. ಮುರಿದ ಭಾಗ ಬಚ್ಚಿಡೋ ವಸ್ತು ಅಲ್ಲ, ಕಡಿದ ನೂಲಿನ ಹಾಗೆ ಅದೂ ಒಂದು ಸೂಚನೆ ಅಂತ ಅವರು ನಡೆದುಕೊಂಡರು.

1936ರಲ್ಲಿ ಎಎ ಮಾದರಿಯ ಕಾರು ಬಂತು. ಅದೇ ವರ್ಷ ಬ್ರಾಂಡಿನ ಹೆಸರು ಟೊಯೋಡಾದಿಂದ ಟೊಯೋಟಾ ಆಯಿತು. ಲಾಂಛನಕ್ಕಾಗಿ ಸಾರ್ವಜನಿಕ ಸ್ಪರ್ಧೆ ನಡೆದಿತ್ತು. ಜಪಾನಿ ಲಿಪಿಯಲ್ಲಿ ಟೊಯೋಟಾ ಬರೆಯಲು ಎಂಟೇ ಗೆರೆ ಸಾಕು, ಎಂಟು ಅಲ್ಲಿ ಶುಭ ಸಂಖ್ಯೆ. 1937ರ ಆಗಸ್ಟ್ 28ರಂದು ಟೊಯೋಟಾ ಮೋಟಾರ್ ಕಂಪನಿ ಪ್ರತ್ಯೇಕವಾಗಿ ಸ್ಥಾಪನೆ ಆಯಿತು. ಅಧ್ಯಕ್ಷರು ತಂಗಿಯ ಗಂಡ ರಿಸಾಬುರೋ. ಕೀಚಿರೋ ಉಪಾಧ್ಯಕ್ಷರಾಗಿದ್ದು, 1941ರಲ್ಲಿ ಅಧ್ಯಕ್ಷರಾದರು.

ಕೊರೊಮೊ

ಹೊಸ ಕಾರ್ಖಾನೆಗೆ ಆರಿಸಿದ್ದು ಕೊರೊಮೊ ಅನ್ನುವ ಊರಿನ ಹೊರಗಿನ ಬಯಲು. ಕೊರೊಮೊ ರೇಷ್ಮೆಯಿಂದ ಬದುಕಿದ್ದ ಊರು. ರೇಷ್ಮೆ ಬೆಲೆ ಬಿದ್ದು ಊರು ಸೊರಗಿತ್ತು. 1938ರ ನವೆಂಬರ್ 3ರಂದು ಅಲ್ಲಿ ಕಾರ್ಖಾನೆ ಉದ್ಘಾಟನೆ ಆಯಿತು.

ಇಲ್ಲಿ ಕೀಚಿರೋ ತಂದ ಇನ್ನೊಂದು ಯೋಚನೆ ಜಸ್ಟ್ ಇನ್ ಟೈಮ್. ಬೇಕಾದ ಭಾಗ, ಬೇಕಾದಾಗ, ಬೇಕಾದಷ್ಟೇ ಬರಬೇಕು. ಇದು ಫ್ಯಾಷನ್‌ಗೆ ಹುಟ್ಟಿದ್ದಲ್ಲ. ಅಮೆರಿಕದವರ ಹಾಗೆ ಗೋದಾಮು ತುಂಬಾ ಮಾಲು ಇಟ್ಟುಕೊಳ್ಳೋಕೆ ಇವರ ಹತ್ತಿರ ದುಡ್ಡೇ ಇರಲಿಲ್ಲ. ಕೆಲಸ ಹೇಗೆ ಹರಿಯಬೇಕು ಅಂತ ದಪ್ಪನೆಯ ಕೈಪಿಡಿಯನ್ನೇ ಬರೆದು ಹಂಚಿದರು.

ಆದರೆ ಯುದ್ಧ ಬಂತು. ಕಚ್ಚಾ ಮಾಲು ಸರ್ಕಾರದ ಹಿಡಿತಕ್ಕೆ ಹೋಯಿತು, ಹೇಳಿದಷ್ಟು ಟ್ರಕ್ ಮಾಡಿ ಸೈನ್ಯಕ್ಕೆ ಕೊಡೋದೇ ಕೆಲಸ. 1945ರ ಆಗಸ್ಟ್ 14ರಂದು, ಅಂದರೆ ಜಪಾನ್ ಶರಣಾಗತಿ ಸಾರುವ ಹಿಂದಿನ ದಿನ, ಕೊರೊಮೊ ಕಾರ್ಖಾನೆಯ ಮೇಲೆ ಬಾಂಬ್ ಬಿದ್ದು ಸುಮಾರು ಕಾಲು ಭಾಗ ಹಾಳಾಯಿತು.

ಯುದ್ಧ ಮುಗಿದ ಮೇಲೆ ಕಾರು ಮಾಡಲು ಅನುಮತಿ ಸಿಗುತ್ತೋ ಇಲ್ಲವೋ ಗೊತ್ತಿರಲಿಲ್ಲ. ಸಾವಿರಾರು ಜನರಿಗೆ ಸಂಬಳ ಕೊಡಬೇಕು. ಕೀಚಿರೋ ಪಿಂಗಾಣಿ ಪಾತ್ರೆ, ಮೀನಿನ ತಿನಿಸು, ಮನೆ ಕಟ್ಟುವ ಕೆಲಸ, ಹೀಗೆ ಏನೇನು ಮಾಡಬಹುದು ಅಂತ ಮನೆಯವರನ್ನೂ ಇಂಜಿನಿಯರುಗಳನ್ನೂ ವಿಚಾರಿಸಲು ಕಳಿಸಿದರು. ಕಾರು ಆಗದಿದ್ದರೆ ಇನ್ನೊಂದು, ಜನರನ್ನು ಮಾತ್ರ ಬಿಡಬಾರದು ಅನ್ನೋದು ಅವರ ಹಟ. ಅದೇ ವೇಳೆಗೆ, ಅಮೆರಿಕವನ್ನು ಮೂರು ವರ್ಷದಲ್ಲಿ ಸರಿಗಟ್ಟಬೇಕು ಅಂತಲೂ ಗುರಿ ಹಾಕಿದ್ದರು.

ಆ ಗುರಿ ತಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಿದವರಲ್ಲಿ ಒಬ್ಬರು ತೈಚಿ ಓನೊ. ಅವರು ಟೊಯೋಡಾ ನೇಯ್ಗೆ ಕಂಪನಿಯಿಂದ 1943ರಲ್ಲಿ ಕಾರು ಕಂಪನಿಗೆ ಬಂದವರು. ಮಗ್ಗದ ಶೆಡ್ಡಿನಲ್ಲಿ ಒಬ್ಬಳೇ ಹೆಣ್ಣುಮಗಳು ಹತ್ತಾರು ಮಗ್ಗ ನೋಡಿಕೊಳ್ಳುತ್ತಿದ್ದರೆ, ಇಲ್ಲಿ ಒಂದು ಲೇಥಿಗೆ ಒಬ್ಬ ಯಾಕೆ ಅಂತ ಅವರ ಪ್ರಶ್ನೆ. ಒಬ್ಬರಿಗೆ ಎರಡು ಮೆಷಿನ್, ಆಮೇಲೆ ಮೂರು ನಾಲ್ಕು ಅಂತ ಜೋಡಿಸುತ್ತಾ ಹೋದರು. ಮಗ್ಗದ ಪಾಠ ಕಾರಿನ ಒಳಗೆ ಹೊಕ್ಕಿದ್ದು ಹೀಗೆ.

1950

ಇಲ್ಲಿಗೆ ಕಥೆ ಮುಗಿದಿದ್ದರೆ ಎಲ್ಲ ಚೆನ್ನಾಗಿತ್ತು.

1949ರಲ್ಲಿ ಜಪಾನಿನಲ್ಲಿ ಬೆಲೆ ಏರಿಕೆ ತಡೆಯಲು ಸಾಲದ ಮೇಲೆ ಬಿಗಿ ಹಿಡಿತ ಬಂತು. ಕಂತಿನ ಮೇಲೆ ಟ್ರಕ್ ಕೊಂಡವರಿಂದ ದುಡ್ಡು ಬರಲಿಲ್ಲ. ಸಂಬಳ ಕೊಡೋದು ಕಷ್ಟ ಆಯಿತು. ಆ ವರ್ಷದ ಕೊನೆಗೆ ಕಂಪನಿ ಮತ್ತು ಯೂನಿಯನ್ ನಡುವೆ ಒಂದು ಒಪ್ಪಂದ ಆಯಿತು. ಕೆಲಸಗಾರರು ಶೇಕಡಾ 10ರಷ್ಟು ಸಂಬಳ ಕಡಿತ ಒಪ್ಪಿಕೊಳ್ಳಬೇಕು, ಕಂಪನಿ ಯಾರನ್ನೂ ಕೆಲಸದಿಂದ ತೆಗೆಯಬಾರದು.

ದಿವಾಳಿ ಆಗದಂತೆ ಬ್ಯಾಂಕುಗಳ ಗುಂಪೊಂದು ಸಾಲ ಕೊಡಲು ಮುಂದೆ ಬಂತು. ಆದರೆ ಷರತ್ತುಗಳಿದ್ದವು. ಮಾರಾಟದ ಕಂಪನಿ ಬೇರೆ ಆಗಬೇಕು, ಮಾರಾಟ ಆಗುವಷ್ಟೇ ಗಾಡಿ ಮಾಡಬೇಕು, ಹೆಚ್ಚಿನ ಜನರನ್ನು ತೆಗೆಯಬೇಕು. 1950ರ ಏಪ್ರಿಲಿನಲ್ಲಿ ಸುಮಾರು 1,600 ಜನ ಸ್ವಯಂ ನಿವೃತ್ತಿ ತೆಗೆದುಕೊಳ್ಳಲಿ ಅಂತ ಕಂಪನಿ ಕೇಳಿತು. ಕೊಟ್ಟ ಮಾತು ಮುರಿಯಿತು. ಮುಷ್ಕರ ಶುರುವಾಯಿತು, ಎರಡು ತಿಂಗಳು ನಡೆಯಿತು.

ಗಮನಿಸಿ, ಈ ಕಡಿತಕ್ಕೆ ಕಾರಣ ಯಂತ್ರ ಅಲ್ಲ, ಕೈಯಲ್ಲಿ ದುಡ್ಡು ಇಲ್ಲದಿದ್ದದ್ದು. ಆದರೆ ಮನೆಗೆ ಹೋಗುವ ಕೆಲಸಗಾರನಿಗೆ ಆ ವ್ಯತ್ಯಾಸದಿಂದ ಏನೂ ಆಗೋದಿಲ್ಲ.

ಕೀಚಿರೋಗೆ ರಕ್ತದೊತ್ತಡ ಇತ್ತು, ಆರೋಗ್ಯ ಕೆಟ್ಟಿತ್ತು. ಕೆಲಸಗಾರರನ್ನು ಕಳಿಸಿ ತಾವು ಕುರ್ಚಿಯಲ್ಲಿ ಉಳಿಯೋದು ಅವರಿಗೆ ಆಗಲಿಲ್ಲ. 1950ರ ಜೂನ್ 5ರಂದು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ದಿನದಲ್ಲಿ ಮುಷ್ಕರ ನಿಂತಿತು. ಕೊನೆಗೆ ಕಂಪನಿ ಬಿಟ್ಟವರು 2,000ಕ್ಕೂ ಹೆಚ್ಚು.

ಅದೇ ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯ ಟ್ರಕ್ಕುಗಳಿಗೆ ಆರ್ಡರ್ ಕೊಟ್ಟಿತು, ಮೊದಲ ಕಂತಿನಲ್ಲೇ 1,000. ಕಂಪನಿ ಎದ್ದು ನಿಂತಿತು. ರಾಜೀನಾಮೆಗೂ ಯುದ್ಧಕ್ಕೂ ನಡುವೆ ಇಪ್ಪತ್ತೇ ದಿನ. ಆ ಇಪ್ಪತ್ತು ದಿನ ಹೇಗೋ ತಳ್ಳಿದ್ದರೆ ಅಂತ ಓದುವಾಗ ಅನ್ನಿಸದೆ ಇರಲ್ಲ. ಬಿಟ್ಟು ಹೋದ ಎರಡು ಸಾವಿರ ಮನೆಗಳಲ್ಲೂ ಹಾಗೇ ಅನ್ನಿಸಿರಬೇಕು.

ಕೀಚಿರೋ ಟೋಕಿಯೋದಲ್ಲಿ ಇದ್ದುಕೊಂಡು ತಮ್ಮ ಸಂಶೋಧನೆ ಮುಂದುವರಿಸಿದರು. ಕಂಪನಿ ಚೇತರಿಸಿಕೊಂಡ ಮೇಲೆ ವಾಪಸ್ ಬರಬೇಕು ಅಂತ ಕರೆ ಬಂತು, ಅವರೂ ಒಪ್ಪಿದ್ದರು. ಆದರೆ 1952ರ ಮಾರ್ಚ್ 27ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 57. ಟೊಯೋಟಾ ತನ್ನದೇ ತಂತ್ರಜ್ಞಾನದಲ್ಲಿ ಮಾಡಿದ ಕ್ರೌನ್ ಕಾರು ಬಂದದ್ದು 1955ರಲ್ಲಿ. ಕೊರೊಮೊ ಊರು ತನ್ನ ಹೆಸರನ್ನೇ ಟೊಯೋಟಾ ಅಂತ ಬದಲಾಯಿಸಿಕೊಂಡಿದ್ದು 1959ರಲ್ಲಿ. ಎರಡನ್ನೂ ಅವರು ನೋಡಲಿಲ್ಲ.

ನಮ್ಮ ಕಡೆಗೆ

ಈ ಮಗ್ಗ ಮತ್ತು ಕಾರಿನ ಜೋಡಿ ನಮ್ಮ ಕರ್ನಾಟಕಕ್ಕೂ ಬಂದಿದೆ. ಕಿರ್ಲೋಸ್ಕರ್ ಜೊತೆ ಸೇರಿ ಟೊಯೋಡಾದವರು 1995ರಲ್ಲಿ ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿ ಜವಳಿ ಯಂತ್ರಗಳ ಕಂಪನಿ ಶುರು ಮಾಡಿದರು. 1997ರಲ್ಲಿ ಸ್ಥಾಪನೆ ಆದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಬಿಡದಿಯಲ್ಲಿ ಕಾರ್ಖಾನೆ ಹಾಕಿತು, ಅಲ್ಲಿಂದ ಮೊದಲು ಹೊರಬಂದ ಗಾಡಿ ಕ್ವಾಲಿಸ್. ಅದೇ ಮೈಸೂರು ರಸ್ತೆಯಲ್ಲಿ ಇನ್ನು ಸ್ವಲ್ಪ ಮುಂದೆ ಹೋದರೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ. ಮಗ್ಗವೂ ರೇಷ್ಮೆಯೂ ಕಾರೂ ಅಲ್ಲಿ ಹೇಗೆ ಅಕ್ಕಪಕ್ಕ ಇದ್ದವೋ, ಇಲ್ಲೂ ಹಾಗೇ.

ನಗೋಯಾದಲ್ಲಿ ಸಾಕಿಚಿಯ ಹಳೆಯ ನೇಯ್ಗೆ ಕಾರ್ಖಾನೆ ಇದ್ದ ಜಾಗ ಈಗ ಮ್ಯೂಸಿಯಂ. ಕೀಚಿರೋ ಹುಟ್ಟಿ ನೂರು ವರ್ಷ ಆದಾಗ, 1994ರಲ್ಲಿ ತೆರೆದದ್ದು. ಒಂದು ಹಾಲಿನಲ್ಲಿ ಮಗ್ಗಗಳು, ಇನ್ನೊಂದರಲ್ಲಿ ಕಾರುಗಳು ಮತ್ತು ವೆಲ್ಡಿಂಗ್ ರೋಬೋಗಳು. ಎರಡೂ ಒಂದೇ ಸೂರಿನ ಕೆಳಗೆ ಯಾಕೆ ಅಂತ ಈಗ ನಿಮಗೆ ಗೊತ್ತಿದೆ.

ನಾವು ಓದೋದು ಆಟೊಮೇಷನ್. ನಾಳೆ ಕೆಲಸಕ್ಕೆ ಸೇರಿ ಮಾಡೋದೂ ಅದೇ ಇರಬಹುದು. ಒಂದು ಸೆಲ್ಲಿಗೆ ರೋಬೋ ಕೂರಿಸಿ ಎಷ್ಟು ಜನ ಉಳಿತಾಯ ಆಯಿತು ಅಂತ ಸ್ಲೈಡಿನಲ್ಲಿ ತೋರಿಸುವ ದಿನ ಬರುತ್ತೆ. ಕೀಚಿರೋ ಬದುಕು ಅದಕ್ಕೆ ಸುಲಭದ ಉತ್ತರ ಕೊಡೋದಿಲ್ಲ. ಯಂತ್ರ ತನ್ನ ತಪ್ಪನ್ನು ತಾನೇ ಕಂಡು ನಿಲ್ಲುವಂತೆ ಮಾಡಬಹುದು, ಅದನ್ನು ಅವರು ಮತ್ತು ಅವರಪ್ಪ ಮಾಡಿ ತೋರಿಸಿದರು. ಹಾಗೆ ಬಿಡುವಾದ ಮನುಷ್ಯನಿಗೆ ಮುಂದೆ ಏನು ಕೆಲಸ ಅನ್ನೋದನ್ನು ಯಂತ್ರ ಹೇಳೋದಿಲ್ಲ. ಅದನ್ನು ಯಾರೋ ಒಬ್ಬರು ಯೋಚಿಸಬೇಕು. ಯೋಚಿಸಿಯೂ ಆಗದಿದ್ದಾಗ ಅದರ ಹೊಣೆ ಹೊರಬೇಕು. 1950ರಲ್ಲಿ ಕೀಚಿರೋ ಹೊತ್ತದ್ದು ಅದನ್ನೇ.

ಮುಂದಿನ ಸಲ ವಿಸಿಟಿಗೆ ಹೋದಾಗ ರೋಬೋ ನೋಡಿ, ಖಂಡಿತ ನೋಡಿ. ಆಮೇಲೆ ಹಸಿವಾಗಿದ್ದರೂ ಅಸೆಂಬ್ಲಿ ಲೈನಿನಲ್ಲಿ ಐದು ನಿಮಿಷ ನಿಂತು ಆ ಹಗ್ಗ ಎಲ್ಲಿದೆ ಅಂತ ಹುಡುಕಿ. ಯಾರಾದರೂ ಎಳೆದರೆ, ಯಾರು ಓಡಿ ಬರುತ್ತಾರೆ, ಬಂದು ಏನು ಕೇಳುತ್ತಾರೆ ಅಂತ ಗಮನಿಸಿ. ಓಲ್ಡ್‌ಹ್ಯಾಮಿನಲ್ಲಿ ಆ ಹುಡುಗ ಇಂಜಿನಿಯರ್ ಮಾಡಿದ ಹಾಗೆ, ಬಸ್ಸಿಗೆ ಬಂದ ಮೇಲೆ ಎರಡು ಸಾಲು ಬರೆದಿಟ್ಟುಕೊಳ್ಳಿ.